ಸೀಡರ್ ದೋಣಿಯ ಸಂದು ತುಂಬುವ ಮುನ್ನ
ಅಮೆರಿಕ, ಕೆನಡಾದ ಗ್ಯಾರೇಜುಗಳಲ್ಲಿ ಸೀಡರ್ ಪಟ್ಟಿ ಜೋಡಿಸಿ ದೋಣಿ ಕಟ್ಟುವ ಕನ್ನಡದ ಗೆಳೆಯರೇ, ಸಂದಿಗೆ ಅಂಗಡಿಯ ಪುಟ್ಟಿ ಬಳಿಯುವ ಅವಸರ ಬೇಡ. ಮೇಲೆ ಹೇಗೂ ಫೈಬರ್‌ಗ್ಲಾಸ್ ಬರುತ್ತದೆ. ಅದನ್ನು ಅಂಟಿಸುವ ಎಪಾಕ್ಸಿ ಸಂದಿಯಲ್ಲಿ ಸೋರದಿದ್ದರೆ, ನೋಟ ಕೆಡದಿದ್ದರೆ ಸಾಕು.

ಅದೇ ಮರ ಉಜ್ಜಿದಾಗ ಉದುರುವ ನುಣ್ಣನೆಯ ಪುಡಿಯನ್ನು ಎಪಾಕ್ಸಿಯಲ್ಲಿ ಗಟ್ಟಿ ಚಟ್ನಿಯ ಹದಕ್ಕೆ ಕಲಸಿ ತುಂಬಿ. ಹದ ಗಟ್ಟಿಯಾಗಲೆಂದು ಸಿಲಿಕಾ ಪುಡಿ ಜಾಸ್ತಿ ಬೆರೆಸಿದರೆ ಒಣಗಿ ಕಲ್ಲಾಗುತ್ತದೆ. ಉಜ್ಜುವಾಗ ಅಕ್ಕಪಕ್ಕದ ಮೆತ್ತನೆಯ ಸೀಡರ್ ಸವೆದು ತಗ್ಗಾಗುತ್ತದೆ, ಸಂದು ಮಾತ್ರ ಉಬ್ಬಿ ನಿಲ್ಲುತ್ತದೆ.

ಬಣ್ಣವನ್ನು ಒಣ ಮರಕ್ಕೆ ಹೊಂದಿಸಬೇಡಿ. ಎಪಾಕ್ಸಿ ತಾಗಿದೊಡನೆ ಸೀಡರ್ ಕಡುಗೆಂಪಾಗುತ್ತದೆ, ತಿಳಿಬಣ್ಣದ ಪುಟ್ಟಿ ಗೆರೆಗೆರೆಯಾಗಿ ಎದ್ದು ಕಾಣುತ್ತದೆ. ಉಳಿದ ತುಂಡೊಂದರ ಮೇಲೆ ಮೊದಲು ಪರೀಕ್ಷಿಸಿ.

ಸೀಡರ್ ಧೂಳು ಆಸ್ತಮಾ ತರಬಲ್ಲದು. ದಯವಿಟ್ಟು ಮಾಸ್ಕ್ ಹಾಕಿಕೊಂಡೇ ಉಜ್ಜಿ.