ಹೆಚ್ಚಾಗಿ ಉರಿದ ಡೀಸೆಲ್ ಎಲ್ಲಿ ಹೋಯಿತು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ—ಚಿಕ್ಕಮಗಳೂರು ಜಿಲ್ಲೆಯ ಈ ಮೂರು ಮಲೆನಾಡ ತಾಲ್ಲೂಕುಗಳಲ್ಲಿ ಅಡಕೆಯ ಮೂಟೆಗಳನ್ನು ಹೊತ್ತು ತಿರುಗುವ ಡೀಸೆಲ್ ಪಿಕಪ್ ವಾಹನಗಳನ್ನು ನೋಡದವರಿಲ್ಲ. ಅಂತಹ ಒಂದು ವಾಹನದ ಮಾಲಿಕರೂ ಚಾಲಕರೂ ಆದ ನಮ್ಮ ಪರಿಚಿತರೊಬ್ಬರು ಮಳೆಗಾಲ ಮುಗಿಯುವ ಹೊತ್ತಿಗೆ ಚಿಂತೆಯಿಂದ ನಮ್ಮಲ್ಲಿಗೆ ಬಂದರು. ಲೀಟರಿಗೆ ೧೪ ಕಿಲೋಮೀಟರು ಓಡುತ್ತಿದ್ದ ಗಾಡಿ ೧೧ಕ್ಕೆ ಇಳಿದಿತ್ತು. ಇಂಜೆಕ್ಟರುಗಳನ್ನೆಲ್ಲ ಬದಲಾಯಿಸಬೇಕೆಂದು ಯಾರೋ ಸಲಹೆ ಕೊಟ್ಟಿದ್ದರು. ಅದರ ವೆಚ್ಚವೋ ಎರಡು ತಿಂಗಳ ಗಳಿಕೆಯನ್ನು ನುಂಗುವಂತಹುದು. “ಮೇಷ್ಟ್ರೇ, ನಿಮ್ಮ ಫಿಸಿಕ್ಸು ಇದಕ್ಕೇನಾದ್ರೂ ಹೇಳುತ್ತಾ?” ಎಂದು ಕೇಳಿದರು. ಹೇಳುತ್ತದೆಯೇ ಎಂಬುದನ್ನು ನೋಡೋಣ.

ಮೊದಲು ಅಳತೆ

ರೋಗವನ್ನು ಹುಡುಕುವ ಮೊದಲು ರೋಗವಿರುವುದು ನಿಜವೇ ಎಂದು ತಿಳಿಯಬೇಕು. ಗಾಡಿಯ ಮುಳ್ಳನ್ನು ನೋಡಿ ಡೀಸೆಲನ್ನು ಅಂದಾಜು ಮಾಡುವುದು ಅಳತೆಯಲ್ಲ. ಕೊಪ್ಪದ ಒಂದೇ ಬಂಕಿನಲ್ಲಿ ಟ್ಯಾಂಕನ್ನು ತುಂಬಿಸಿ, ಶೃಂಗೇರಿಗೆ ಹೋಗಿ ಬಂದು, ನರಸಿಂಹರಾಜಪುರಕ್ಕೂ ಹೋಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ತುಂಬಿಸಬೇಕೆಂದು ನಾವು ಸೂಚಿಸಿದೆವು. ಹೊರಟ ಸ್ಥಳಕ್ಕೇ ಮರಳುವುದರಿಂದ ಎತ್ತರದ ವ್ಯತ್ಯಾಸ ಸೊನ್ನೆಯಾಗುತ್ತದೆ. ಈ ಸುತ್ತು ಸುಮಾರು ೧೦೦ ಕಿಲೋಮೀಟರು. ಖರ್ಚು ಸುಮಾರು ೯ ಲೀಟರು. ತುಂಬಿಸುವಾಗ ಅರ್ಧ ಲೀಟರಿನ ತಪ್ಪಾದರೂ ಫಲಿತಾಂಶದಲ್ಲಿ ನೂರಕ್ಕೆ ಐದಕ್ಕೂ ಮಿಕ್ಕಿದ ದೋಷ ಬಂದೀತು. ನಾಲ್ಕು ಸುತ್ತುಗಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ ಅದೇ ತಪ್ಪು ಒಂದೂವರೆಗೆ ಇಳಿಯುತ್ತದೆ. ಹೊರೆಯೂ ಪ್ರತಿ ಸುತ್ತಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಹೀಗೆ ಅಳೆದಾಗಲೂ ಉತ್ತರ ೧೧ ಎಂದೇ ಬಂದಿತು. ನಷ್ಟ ನಿಜವೇ ಆಗಿತ್ತು.

ಶಕ್ತಿಯ ಲೆಕ್ಕಪತ್ರ

ಒಂದು ಲೀಟರು ಡೀಸೆಲ್ ಉರಿದರೆ ಸುಮಾರು ೩೬ ಮೆಗಾಜೂಲ್ ಶಾಖ ಹೊರಬರುತ್ತದೆ. ೧೮೯೭ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲನ ಎಂಜಿನ್ನು ಈ ಶಾಖದ ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಕೆಲಸವಾಗಿ ಮಾರ್ಪಡಿಸಿತು. ಇಂದಿನ ಎಂಜಿನ್ನುಗಳು ಅನುಕೂಲ ಸ್ಥಿತಿಯಲ್ಲಿ ಅದನ್ನು ಮೀರಿಸುತ್ತವೆಯಾದರೂ, ಏರಿಳಿತದ ದಾರಿಯಲ್ಲಿ ಚಕ್ರಕ್ಕೆ ತಲುಪುವುದು ಲೀಟರಿಗೆ ೧೦ ಮೆಗಾಜೂಲ್ ಎಂದು ಹಿಡಿಯೋಣ.

ಲೀಟರಿಗೆ ೧೪ ಎಂದರೆ ೧೦೦ ಕಿಲೋಮೀಟರಿಗೆ ೭.೧ ಲೀಟರು, ೧೧ ಎಂದರೆ ೯.೧ ಲೀಟರು. ಹೆಚ್ಚುವರಿ ಖರ್ಚು ೨ ಲೀಟರು. ಈ ಎರಡು ಲೀಟರು ಹೋದದ್ದೆಲ್ಲಿಗೆ? ಉತ್ತರಗಳು ಎರಡೇ: ಎಂಜಿನ್ನು ಅದೇ ಡೀಸೆಲಿನಿಂದ ಕಡಿಮೆ ಕೆಲಸ ಮಾಡುತ್ತಿರಬೇಕು, ಇಲ್ಲವೇ ಗಾಡಿ ಅದೇ ದಾರಿಯಲ್ಲಿ ಹೆಚ್ಚು ಕೆಲಸವನ್ನು ಬೇಡುತ್ತಿರಬೇಕು.

“ನಮ್ಮದು ಘಟ್ಟದ ದಾರಿಯಲ್ಲವೇ?” ಎಂದು ಕೇಳಬಹುದು. ಎರಡೂವರೆ ಟನ್ ತೂಕದ ಗಾಡಿ ೧೦೦ ಮೀಟರು ಏರಲು ಸುಮಾರು ೨೫ ಲಕ್ಷ ಜೂಲ್, ಎಂದರೆ ಕಾಲು ಲೀಟರು ಡೀಸೆಲ್ ಬೇಕು ಎಂಬುದು ನಿಜ. ಆದರೆ ಆ ಏರು ಕಳೆದ ವರ್ಷವೂ ಇತ್ತು. ಬದಲಾಗದೆ ಉಳಿದದ್ದು ಬದಲಾವಣೆಗೆ ಕಾರಣವಾಗಲಾರದು.

ಎಂಜಿನ್ನಿನ ವಿಚಾರಣೆ

ಗಾಳಿ ಸೋಸುವ ಫಿಲ್ಟರು ಕಟ್ಟಿಕೊಂಡರೆ ಅಥವಾ ಇಂಜೆಕ್ಟರು ಡೀಸೆಲನ್ನು ನುಣ್ಣಗೆ ಸಿಂಪಡಿಸದಿದ್ದರೆ ದಹನ ಅಪೂರ್ಣವಾಗುತ್ತದೆ. ಆಗ ಕಪ್ಪು ಹೊಗೆ ಏಳುತ್ತದೆ, ಏರಿನಲ್ಲಿ ಗಾಡಿ ಸೋಲುತ್ತದೆ. ಥರ್ಮೋಸ್ಟಾಟ್ ತೆರೆದೇ ಉಳಿದರೆ ಎಂಜಿನ್ನು ಬೇಕಾದಷ್ಟು ಬಿಸಿಯಾಗದು. ೨೦೨೦ರ ಏಪ್ರಿಲಿನಲ್ಲಿ ದೇಶದಲ್ಲೆಲ್ಲ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮದ ನಂತರದ ಗಾಡಿಗಳಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರು ಇರುತ್ತದಾಗಿ ಹೊಗೆ ಕಣ್ಣಿಗೆ ಬೀಳದಿರಬಹುದು. ಆ ಮಸಿಯನ್ನು ಸುಡಲು ಆಗಾಗ ಹೆಚ್ಚು ಡೀಸೆಲ್ ಬೇಕು. ಬರಿಯ ಸಣ್ಣ ಓಟಗಳಲ್ಲಿ ಈ ಕಾರ್ಯ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಮೊದಲಾಗುತ್ತದೆ. ನಮ್ಮ ಪರಿಚಿತರ ಗಾಡಿಯಾದರೋ ಅದಕ್ಕಿಂತ ಹಳೆಯದು. ಹೊಗೆಯಿರಲಿಲ್ಲ, ಫಿಲ್ಟರು ಶುದ್ಧವಾಗಿತ್ತು, ಉಷ್ಣತೆ ಸರಿಯಾಗಿತ್ತು, ಏರಿನಲ್ಲಿ ಎಳೆತವೂ ಕುಂದಿರಲಿಲ್ಲ. ಎಂಜಿನ್ನಿನ ಮೇಲಿನ ಸಂಶಯ ದುರ್ಬಲವಾಯಿತು.

ಚಕ್ರದ ಸಾಕ್ಷ್ಯ

ದೋಷ ದಾರಿಯ ಕಡೆಯದಾದರೆ ೨ ಲೀಟರಿನಿಂದ ಬಂದ ೨೦ ಮೆಗಾಜೂಲ್ ಕೆಲಸ ೧೦೦ ಕಿಲೋಮೀಟರಿನಲ್ಲಿ ವ್ಯಯವಾಗಿದೆ. ಕೆಲಸವನ್ನು ದೂರದಿಂದ ಭಾಗಿಸಿದರೆ ಬಲ ದೊರೆಯುತ್ತದೆ: ೨೦೦ ನ್ಯೂಟನ್. ಯಾರೋ ಸುಮಾರು ೨೦ ಕಿಲೋಗ್ರಾಂ ತೂಕದಷ್ಟು ಬಲದಿಂದ ಗಾಡಿಯನ್ನು ಸದಾ ಹಿಂದಕ್ಕೆಳೆಯುತ್ತಿದ್ದಂತೆ! ಗಂಟೆಗೆ ೩೬ ಕಿಲೋಮೀಟರು, ಎಂದರೆ ಸೆಕೆಂಡಿಗೆ ೧೦ ಮೀಟರು ವೇಗದಲ್ಲಿ ಇದು ೨೦೦೦ ವಾಟ್. ಸ್ನಾನದ ನೀರು ಕಾಯಿಸುವ ವಿದ್ಯುತ್ ಗೀಸರಿನ ಸಾಮರ್ಥ್ಯವೂ ಸುಮಾರು ಇಷ್ಟೇ. ಶಕ್ತಿ ನಾಶವಾಗದು, ಇಷ್ಟು ಶಾಖ ಗಾಡಿಯಲ್ಲಿ ಎಲ್ಲಾದರೂ ಕಾಣಿಸಿಕೊಳ್ಳಲೇಬೇಕು.

ಖರ್ಚಿಲ್ಲದ ಪರೀಕ್ಷೆ ಮೊದಲು ನಡೆಯಿತು. ಎರಡು ಟಯರುಗಳಲ್ಲಿ ಗಾಳಿ ಕಡಿಮೆಯಿತ್ತು. ಸರಿಪಡಿಸಿ ಅಳೆದಾಗ ೧೧.೩ ಬಂದಿತು, ಈ ಏರಿಕೆ ಅಳತೆಯ ದೋಷಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಬಳಿಕ ಶೃಂಗೇರಿಯಿಂದ ಕೊಪ್ಪಕ್ಕೆ ಬರುವಾಗ ಒಂದು ಉದ್ದನೆಯ ಏರಿನ ತುದಿಯಲ್ಲಿ ಗಾಡಿಯನ್ನು ನಿಲ್ಲಿಸಿದೆವು. ಏರಿನಲ್ಲಿ ಯಾರೂ ಬ್ರೇಕನ್ನು ಒತ್ತುವುದಿಲ್ಲವಾದ್ದರಿಂದ ಅಲ್ಲಿ ಚಕ್ರಗಳು ಅಷ್ಟಾಗಿ ಬಿಸಿಯಾಗಿರಬಾರದು. ಮುಟ್ಟದೆ, ಅಂಗೈಯ ಹಿಂಬದಿಯನ್ನು ನಾಲ್ಕು ಚಕ್ರಗಳ ಬಳಿಗೂ ಒಯ್ದು ನೋಡಿದೆವು. ಮೂರು ಬೆಚ್ಚಗಿದ್ದವು. ಹಿಂಬದಿಯ ಎಡಚಕ್ರ ಒಲೆಯಂತೆ ಕಾದಿತ್ತು.

ಮಳೆಗಾಲದ ಕೆಸರಿನಲ್ಲಿ ಹ್ಯಾಂಡ್ ಬ್ರೇಕಿನ ಕೇಬಲ್ಲಿಗೆ ತುಕ್ಕು ಹಿಡಿದು, ಬ್ರೇಕು ಪೂರ್ತಿಯಾಗಿ ಬಿಡದೆ ಚಕ್ರವನ್ನು ಉಜ್ಜುತ್ತಿತ್ತು. ಕೇಬಲ್ಲನ್ನು ಬದಲಾಯಿಸಿ, ಸವೆದ ಬ್ರೇಕ್ ಲೈನಿಂಗನ್ನೂ ಹೊಸದಾಗಿ ಹಾಕಿಸಿದರು. ಇಂಜೆಕ್ಟರುಗಳ ತಂಟೆಗೆ ಹೋಗಲಿಲ್ಲ. ಮುಂದಿನ ನಾಲ್ಕು ಸುತ್ತುಗಳಲ್ಲಿ ಲೀಟರಿಗೆ ೧೪ ಮರಳಿತು. ಹಣ ಉಳಿದದ್ದು ದೊಡ್ಡ ಮಾತಲ್ಲ. ಹಾಗೆ ಕಾದ ಬ್ರೇಕು ಘಟ್ಟದ ಇಳಿಜಾರಿನಲ್ಲಿ ಹಿಡಿಯದೆ ಹೋಗಬಹುದಿತ್ತು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದದ್ದು ಕ್ರಮವನ್ನು: ಮೊದಲು ಅಳೆಯಬೇಕು, ಲೆಕ್ಕ ಹಾಕಿ ಏನನ್ನು ಹುಡುಕಬೇಕೆಂದು ತಿಳಿಯಬೇಕು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಮತ್ತೆ ಅಳೆಯಬೇಕು. ಮನೆಯಲ್ಲಿ ವಾಹನವಿದ್ದವರು ಈ ತಿಂಗಳೇ ಒಂದು ಪುಸ್ತಕದಲ್ಲಿ ಇಂಧನದ ಲೆಕ್ಕವನ್ನು ಬರೆದಿಡಲು ತೊಡಗಲಿ.