ಬೋಟು ನಿಮ್ಮದು, ಆರ್.ಸಿ. ಯಾರದು?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಗಂಗೊಳ್ಳಿ, ತದಡಿಯ ದಕ್ಕೆಗಳಲ್ಲಿ ಹಳೆ ಬೋಟುಗಳ ಮಾತುಕತೆ ನಡೆಯುವ ಕಾಲವೂ ಅದೇ. ವರ್ಷಗಟ್ಟಲೆ ಇನ್ನೊಬ್ಬರ ಬೋಟಿನಲ್ಲಿ ಕಲಾಸಿಯಾಗಿ ದುಡಿದವನು ಹೆಂಡತಿಯ ಚಿನ್ನ ಅಡವಿಟ್ಟು ಮೊದಲ ಬೋಟು ಕೊಳ್ಳುತ್ತಾನೆ. ಅಂಥವರಲ್ಲಿ ಕೆಲವರು ಆಮೇಲೆ ನನ್ನ ಕಚೇರಿಗೆ ಬರುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ಕಾಗದ: ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮೊಹರು ಹಾಕಿಸಿದ ಕರಾರುಪತ್ರ.

ಆ ಕಾಗದ ನೀವು ಹಣ ಕೊಟ್ಟದ್ದಕ್ಕೆ ಸಾಕ್ಷಿ, ಅಷ್ಟೆ. ಮೀನುಗಾರಿಕೆ ಇಲಾಖೆಗೆ ಬೋಟಿನ ಯಜಮಾನನೆಂದರೆ ಆರ್.ಸಿ.ಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಹೆಸರಿರುವವನು.

ನನ್ನಲ್ಲಿಗೆ ಬಂದ ಒಬ್ಬರ ಗಿಲ್‌ನೆಟ್ ಬೋಟು ಅಳಿವೆಯಲ್ಲಿ ತೆರೆಗೆ ಸಿಕ್ಕಿ ಕಲ್ಲಿಗೆ ಬಡಿದು ಒಡೆಯಿತು. ತಳಕ್ಕೆ ಹೊಸ ಫೈಬರ್ ಹೊದಿಸಿ, ಇಂಜಿನ್ ಬದಲಿಸಿ, ಉಳಿತಾಯವನ್ನೆಲ್ಲ ಅದಕ್ಕೇ ಸುರಿದಿದ್ದರು. ವಿಮೆಯ ಕಂತನ್ನೂ ಕಟ್ಟಿದ್ದರು, ಆದರೆ ಹಳೆ ಮಾಲೀಕನ ಹೆಸರಿನ ಪಾಲಿಸಿಗೆ. ಬೋಟು ಮಾರಿದ ಮಾತ್ರಕ್ಕೆ ಪಾಲಿಸಿಯ ಹಕ್ಕು ಕೊಂಡವನಿಗೆ ಬರುವುದಿಲ್ಲ, ಅದಕ್ಕೆ ಬೇರೆಯೇ ಒಪ್ಪಂದ ಬೇಕು ಎನ್ನುತ್ತದೆ 1963ರ ಕಡಲ ವಿಮಾ ಕಾಯ್ದೆ. ಕಂಪನಿ ಕೈಯೆತ್ತಿತು. ಕರರಹಿತ ಡೀಸೆಲ್‌ನ ಪಾಸ್ ಪುಸ್ತಕವೂ ಹಳೆಯವನ ಹೆಸರಿನಲ್ಲೇ ಇತ್ತು. "ಹೆಸರು ಬದಲಾವಣೆ ಸೀಸನ್ ಮುಗಿದ ಮೇಲೆ ಮಾಡಿಸಿದರಾಯಿತು" ಎಂದಿದ್ದ ದಲ್ಲಾಳಿ ಈಗ ಫೋನ್ ಎತ್ತುವುದಿಲ್ಲ. ಕಮಿಷನ್ ಮಾತ್ರ ಮೊದಲ ದಿನವೇ ಎಣಿಸಿಕೊಂಡಿದ್ದ. ಇಂಥವರನ್ನು ನೆನೆದರೆ ನನಗೆ ಮೈಯುರಿಯುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಮೂಲ ಆರ್.ಸಿ. ಕೈಗೆ ತೆಗೆದುಕೊಳ್ಳಿ, ಜೆರಾಕ್ಸ್ ಸಾಲದು. ಬೋಟಿನ ಮೈಮೇಲೆ ಬರೆದ ನೋಂದಣಿ ಸಂಖ್ಯೆ, ಇಂಜಿನ್ ಸಂಖ್ಯೆ ಎರಡನ್ನೂ ಅದರೊಂದಿಗೆ ತಾಳೆ ನೋಡಿ. 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮದ ಪ್ರಕಾರ ಮೀನು ಹಿಡಿಯಲು ಪರವಾನಗಿ ಪ್ರತ್ಯೇಕವಾಗಿ ಬೇಕು. ಆರ್.ಸಿ. ಇದ್ದರೆ ಅದೂ ಇದ್ದಂತಲ್ಲ.

ಆರ್.ಸಿ.ಯಲ್ಲಿ ಹೆಸರಿರುವವರು ತೀರಿಕೊಂಡಿದ್ದರೆ ಅಲ್ಲಿಗೇ ನಿಲ್ಲಿ. ಹಿರಿಮಗನ ಸಹಿಯೊಂದೇ ಸಾಲದು; ತಾಯಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ವಂಶವೃಕ್ಷ ಕೇಳಿ. ಪಾಲುದಾರಿಕೆಯ ಬೋಟಾದರೆ ಪ್ರತಿಯೊಬ್ಬ ಪಾಲುದಾರನೂ ಸಹಿ ಮಾಡಲಿ.

ಬ್ಯಾಂಕ್ ಸಾಲವಿದ್ದರೆ "ನಾನೇ ತೀರಿಸುತ್ತೇನೆ" ಎಂಬ ಮಾತನ್ನು ನಂಬಬೇಡಿ. ಬಾಕಿ ಎಷ್ಟೆಂದು ಬ್ಯಾಂಕಿನಿಂದಲೇ ಬರೆಸಿಕೊಂಡು, ಅಷ್ಟು ಹಣವನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿ, ನಿರಾಕ್ಷೇಪಣಾ ಪತ್ರ ಪಡೆಯಿರಿ. ಮೀನು ವ್ಯಾಪಾರಿಯಿಂದ ಪಡೆದ ಕೈಸಾಲ ಯಾವ ದಾಖಲೆಯಲ್ಲೂ ಕಾಣಿಸದು. ಅದಕ್ಕೆ ಮಾರುವವನೇ ಹೊಣೆ ಎಂದು ಕರಾರಿನಲ್ಲಿ ಬರೆಸಿ. ಸರ್ಕಾರದ ಸಹಾಯಧನದಲ್ಲಿ ಕಟ್ಟಿಸಿದ ಬೋಟಾದರೆ ಮಾರಾಟಕ್ಕೆ ಷರತ್ತು ಇದೆಯೇ ಎಂದು ಇಲಾಖೆಯಿಂದ ಬರಹದಲ್ಲೇ ಉತ್ತರ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯ, ಪೂರ್ತಿ ಹಣ ಕೊಡಬೇಡಿ. ಹೊಸ ಆರ್.ಸಿ. ನಿಮ್ಮ ಹೆಸರಿಗೆ ಬರುವ ತನಕ ನೋಯುವಷ್ಟು ದೊಡ್ಡ ಮೊತ್ತ ನಿಮ್ಮಲ್ಲೇ ಉಳಿಯಲಿ. ಕೈಯಲ್ಲಿ ಪೂರ್ತಿ ಹಣ ಬಿದ್ದ ಮೇಲೆ ಸಹಿ ಹಾಕಲು ಬರುವ ಮಾರಾಟಗಾರರು ನನ್ನ ಅನುಭವದಲ್ಲಿ ಕಡಿಮೆ.

ಹೆಸರು ಬದಲಾವಣೆಯ ಅರ್ಜಿ ಕೊಡಲು ಇಲಾಖೆಯ ಕಚೇರಿಯ ಬಾಗಿಲಲ್ಲಿ ಹೆದರಿ ನಿಲ್ಲಬೇಡಿ. ಸ್ವೀಕೃತಿ ಕೇಳುವುದು ನಿಮ್ಮ ಹಕ್ಕು. "ನಾಳೆ ಬನ್ನಿ" ಎಂದೇ ಕೆಲವರು ಒಂದು ಸೀಸನ್ ಕಳೆಯುತ್ತಾರೆ. ಆ ಒಂದು ಮಾತಿಗೆ ಬಡವನ ಎಷ್ಟು ದಿನದ ದುಡಿಮೆ ಹೋಗುತ್ತದೆಂದು ಅವರು ಯೋಚಿಸುವುದೇ ಇಲ್ಲ. ಅರ್ಜಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆಮೇಲೂ ಸದ್ದಿಲ್ಲವೇ? 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕಡತ ಎಲ್ಲಿದೆ ಎಂದು ಕೇಳಿ, 30 ದಿನದಲ್ಲಿ ಉತ್ತರಿಸಲೇಬೇಕು. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಿ, ಹಣ ಕೊಡುವ ಮೊದಲೇ.

ರಿಪೇರಿಯಲ್ಲೂ ಕಾನೂನಿದೆ. ಇಂಜಿನ್ ಬದಲಿಸಿದರೆ, ಬೋಟಿನ ಉದ್ದ ಹೆಚ್ಚಿಸಿದರೆ ದಾಖಲೆಯೂ ಬದಲಾಗಬೇಕು; ಕೆಲಸಕ್ಕೆ ಕೈಹಾಕುವ ಮೊದಲೇ ಇಲಾಖೆಯನ್ನು ಕೇಳಿ. ಹಳೆಯವನು ಬಿಟ್ಟುಹೋದ ಎಲ್‌ಇಡಿ ದೀಪ, ಜನರೇಟರ್ ಇದ್ದರೆ ಇಳಿಸಿಬಿಡಿ, ಬೆಳಕು ಹಾಯಿಸಿ ಮೀನು ಹಿಡಿಯುವುದು ನಿಷಿದ್ಧ. ವರ್ಕ್‌ಶಾಪಿನಿಂದ ಬಿಲ್ ಪಡೆಯಿರಿ. ಕೆಲಸ ಕೆಟ್ಟರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಇದು ವ್ಯಾಪಾರದ ಬೋಟು, ನೀವು ಗ್ರಾಹಕರಲ್ಲ ಎಂದು ವರ್ಕ್‌ಶಾಪಿನವರು ವಾದಿಸುತ್ತಾರೆ. ನೀವೇ ಕಡಲಿಗೆ ಹೋಗಿ ಹೊಟ್ಟೆ ಹೊರೆಯುವವರೆಂದು ತೋರಿಸಿದರೆ ಆ ವಾದ ಬೀಳುತ್ತದೆ. ಬೋಟನ್ನು ಬಾಡಿಗೆಗೆ ಬಿಟ್ಟಿದ್ದರೆ ಕಷ್ಟ.

ಮಾರಿದವರೂ ನಿಶ್ಚಿಂತರಾಗಿರಬೇಡಿ. ವರ್ಷಗಳ ಹಿಂದೆ ಮಾರಿದ ಬೋಟು ಎಲ್‌ಇಡಿ ಹಾಕಿ ಸಿಕ್ಕಿಬಿದ್ದಿದೆ ಎಂಬ ನೋಟಿಸ್ ಹಿಡಿದು ಒಬ್ಬ ವೃದ್ಧರು ಬಂದಿದ್ದರು. ಆರ್.ಸಿ.ಯಲ್ಲಿ ಇನ್ನೂ ಅವರದೇ ಹೆಸರು. ಕರಾರುಪತ್ರದ ಪ್ರತಿಯೂ ಅವರ ಬಳಿ ಇರಲಿಲ್ಲ.