ಕಂತಿನ ಮೇಲೆ ಕಂತು

ಸರಣಿಯೊಂದರ ಕಂತುಗಳನ್ನೆಲ್ಲ ಕೂತಲ್ಲೇ ನೋಡಿ ಮುಗಿಸುವುದು ಈ ಕಾಲದ ಚಟ. 1980ರ ದಶಕದಲ್ಲಿ ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬರುವಾಗ ಮುಂದಿನ ಕಂತಿಗೆ ಕಾಯಲೇಬೇಕಿತ್ತು. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂದಿತು. ಇಂಥ ಆ್ಯಪ್‌ಗಳಲ್ಲಿ ಹಲವು ಸಲ ಇಡೀ ಸೀಸನ್ ಒಟ್ಟಿಗೇ ಸಿಗುತ್ತದೆ. ಒಂದು ಮುಗಿದ ಕೆಲವೇ ಸೆಕೆಂಡಿಗೆ ಇನ್ನೊಂದು ತಾನಾಗಿ ಶುರು. ಬೆಂಗಳೂರಿನ ನಂದಿನಿ ಲೇಔಟಿನ ಕಿಟಕಿಗಳಲ್ಲೂ ರಾತ್ರಿ ಎರಡರವರೆಗೆ ನೀಲಿ ಬೆಳಕು. ಬೆಳಿಗ್ಗೆ ಕಾಫಿ ಆರಿ ಕೆನೆಗಟ್ಟಿದರೂ ಕಾಲೇಜು ಹುಡುಗರಿಗೆ ಎಚ್ಚರವಿಲ್ಲ. ಆಫೀಸಿನವರು ಕಳೆದುಕೊಳ್ಳುವುದು ನಿದ್ದೆಯನ್ನು, ನಿವೃತ್ತರು ಪಾರ್ಕಿನ ಸಂಜೆಯ ಹರಟೆಯನ್ನು. ಎರಡನೆಯದೇ ದೊಡ್ಡ ನಷ್ಟ, ಅದು ಬೇಗ ಗೊತ್ತಾಗುವುದಿಲ್ಲ. ಮನೆಮಂದಿಯೆಲ್ಲ ಸೇರಿ ನೋಡುವ ಒಂದೇ ಕಂತಿನ ಖುಷಿ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಲು ಅರ್ಧ ನಿಮಿಷ ಸಾಕು.